ಜಗಲಿಗೆ ಕೇಳುವ ಸ್ತೋತ್ರ

ಮೇ 30, 1962, ಹೊನ್ನಾವರ

ನಾನೀಗ ಹೊನ್ನಾವರದವಳು! ಧಾರವಾಡದ ಎಡಿತ್ ಹೋಗಿ ಶ್ರೀಮತಿ ಜಯವಂತ ಬಂದಿದ್ದಾಳೆ. ಬೆಳಿಗ್ಗೆ ಎದ್ದು ಕನ್ನಡಿಯ ಮುಂದೆ ನಿಂತು ಈ ಹೊಸ ಹೆಸರನ್ನು ಮೂರು ರೀತಿಯಲ್ಲಿ ಹೇಳಿಕೊಂಡೆ. ಹಿಂದೆ ಬಾಗಿಲಲ್ಲಿ ಇವರು ನಿಂತು ಕೇಳುತ್ತಿದ್ದರು. ನಾಚಿಕೆಯಿಂದ ಸತ್ತೇ ಹೋದೆ.

ಇವರ ಕೆಲಸ ಶರಾವತಿಯ ಕಡವಿನಲ್ಲಿ. ಜನರನ್ನು ಹೊಳೆ ದಾಟಿಸಿ ಆಚೆ ದಡದ ಕಾಸರಕೋಡಿಗೆ ಬಿಡುವ ಲಾಂಚುಗಳ ಉಸ್ತುವಾರಿ. ಖಾಕಿ ಅಂಗಿಯ ತೋಳು ಮಡಚಿ, ಇಂಜಿನ್ನಿನ ಕಿವಿ ಹಿಂಡಿ ಮಾತನಾಡಿಸುವುದನ್ನು ನೋಡಿದರೆ ಯಾವ ಹಡಗಿನ ಕಪ್ತಾನನೂ ಬೇಡ. ಮೈಯೆಲ್ಲ ಡೀಸೆಲ್ ವಾಸನೆ. ನನಗೆ ಈಗ ಡೀಸೆಲ್ ಎಂದರೆ ಮಲ್ಲಿಗೆ!

ಒಂದೇ ಒಂದು ಅವಮಾನವಾಯಿತು. ಈ ಮನೆಯಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಪ್ರಾರ್ಥನೆ. ಕೊನೆಯಲ್ಲಿ ಪ್ರತಿಯೊಬ್ಬರೂ ತಮ್ಮ ಬಾಯಿಂದ ದೇವರಿಗೆ ಒಂದು ಸ್ತೋತ್ರ ಹೇಳಬೇಕು. ಉಳಿದವರು ಆಮೆನ್ ಅನ್ನಬೇಕು. ಶಾಲೆಯಲ್ಲಿ ಅಷ್ಟು ವರ್ಷ ಇಂಗ್ಲಿಷಿನಲ್ಲಿ ಪ್ರಾರ್ಥಿಸಿ ಬಹುಮಾನ ಪಡೆದವಳು ನಾನು. ಕನ್ನಡದಲ್ಲಿ ನಾಲಿಗೆ ಏಳಲೇ ಇಲ್ಲ. ಕಡೆಗೆ, "ಕರ್ತನೇ, ಎಲ್ಲದಕ್ಕೂ ಸ್ತೋತ್ರ" ಎಂದುಬಿಟ್ಟೆ. ಯಾರೂ ಆಮೆನ್ ಅನ್ನಲಿಲ್ಲ.

ಅತ್ತೆ ಒಂದು ಕಣ್ಣು ತೆರೆದು, "ಎಲ್ಲದಕ್ಕೂ ಅಂದ್ರೆ ಎಂತಕ್ಕೆ ಮಗಾ?" ಎಂದರು.

ಅದಕ್ಕೇ ಈ ದಿನಚರಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಭ್ಯಾಸವಾಗಲಿ.

ಜೂನ್ 2

ಅತ್ತೆಯ ನಿಯಮ ಇಷ್ಟು: ಒಂದೇ ಸ್ತೋತ್ರ. ಇವತ್ತಿನದೇ ಆಗಿರಬೇಕು, ಕಣ್ಣಾರೆ ಕಂಡದ್ದಾಗಿರಬೇಕು. "ನಿನ್ನೆಯದು ತಂಗಳು" ಅನ್ನುತ್ತಾರೆ. ನಿನ್ನೆ ಅವರು ಹೇಳಿದ್ದು: "ಬಾವಿಯ ಹಗ್ಗ ಸವೆದಿತ್ತು, ಕೊಡ ಮೇಲೆ ಬರುವವರೆಗೆ ತಾಳಿತು. ಸ್ತೋತ್ರ." ಇವರು ಹೇಳಿದ್ದು: "ಇಂಜಿನ್ ಎರಡನೇ ಸಲಕ್ಕೇ ಹತ್ತಿತು. ಸ್ತೋತ್ರ." ಇಂಥದ್ದನ್ನೂ ದೇವರಿಗೆ ಹೇಳುತ್ತಾರೆಯೇ! ನಾನು ಆಕಾಶ, ಭೂಮಿ, ಪ್ರೀತಿ, ಯೌವನ ಎಂದೆಲ್ಲ ಯೋಚಿಸಿಟ್ಟಿದ್ದೆ.

ಪ್ರಾರ್ಥನೆಯ ಹೊತ್ತಿಗೆ ಜಗಲಿಯ ಮೇಲೆ ಒಬ್ಬಳು ಬಂದು ಕೂರುತ್ತಾಳೆ. ಹೆಸರು ಗಂಗಿ, ಮೀನು ಮಾರುವವಳು. ಗಂಡ ಜಟ್ಟಿ ದೋಣಿಗೆ ಹೋಗುತ್ತಾನೆ. ದಿನದ ಮಾರಾಟ ಮುಗಿಸಿ, ಖಾಲಿ ಬುಟ್ಟಿ ಮಗುಚಿಟ್ಟು, ಕಂಬಕ್ಕೆ ಒರಗಿ ಕಾಯುತ್ತಾಳೆ. ನಮ್ಮ ಆಮೆನ್ ಮುಗಿದದ್ದೇ ಅತ್ತೆ ಕವಳದ ತಟ್ಟೆ ಹಿಡಿದು ಹೊರಗೆ ಹೋಗುತ್ತಾರೆ. ಇಬ್ಬರೂ ಎಲೆಗೆ ಸುಣ್ಣ ಹಚ್ಚುತ್ತ ಊರಿನ ಸುದ್ದಿಯೆಲ್ಲ ಜಗಿಯುತ್ತಾರೆ. ಅತ್ತೆ ವಿಧವೆಯಾದ ವರ್ಷದಿಂದಲೂ ಹೀಗೆಯೇ ಅಂತೆ.

ನನ್ನನ್ನು ಕಂಡು ಗಂಗಿ, "ಎಂತ ಸಣ್ಣಮ್ಮ, ನಿಮ್ಮ ಧಾರವಾಡದಲ್ಲಿ ಮೀನು ಗಿಡದಲ್ಲಿ ಬಿಡ್ತದ್ಯಾ? ಬೆಳಿಗ್ಗೆ ಬಂಗಡೆ ಹಿಡಿದದ್ದು ಕಂಡೆ, ಹೂ ಹಿಡಿದ ಹಾಂಗೆ ಬಾಲದಲ್ಲಿ ಹಿಡಿದಿದ್ರಿ" ಎಂದಳು. ಅತ್ತೆ ನಕ್ಕದ್ದು ಇಂದೇ ಮೊದಲು ಕಂಡೆ. ನಗುವಾಗ ಅವರು ಹುಡುಗಿಯಂತೆ ಕಾಣುತ್ತಾರೆ.

ಜೂನ್ 14

ಮಳೆ! ಧಾರವಾಡದ ಜಿಟಿಜಿಟಿಯಲ್ಲ, ಆಕಾಶ ಕೊಡ ಮಗುಚಿದಂತೆ. ಒಣಗದ ಸೀರೆಗಳು ಒಲೆಯ ಮೇಲಿನ ಬಿದಿರಿಗೆ ನೇತಾಡುತ್ತಿವೆ. ನನ್ನ ಮದುವೆಯ ರೇಶಿಮೆಗೂ ಈಗ ಹೊಗೆಯ ಪರಿಮಳ.

ಕಡಲಿಗೆ ದೋಣಿ ಇಳಿಯುವುದು ನಿಂತಿದೆ. ಗಂಗಿ ಈಗ ಹೊಳೆಯ ಮೀನು, ಬಳಚು ಎಂಬ ಚಿಪ್ಪು, ಒಣಮೀನು ತರುತ್ತಾಳೆ. ಅವಳಿಗೆ ಖಾಯಂ ಮನೆಗಳಿರುವುದು ಆಚೆ ದಡದಲ್ಲಿ. ಬೆಳಿಗ್ಗೆ ಇವರ ಲಾಂಚಿನಲ್ಲೇ ದಾಟುತ್ತಾಳೆ.

ಸ್ತೋತ್ರದಲ್ಲಿ ನಾನೀಗ ಚುರುಕಾಗಿದ್ದೇನೆ. ನಿನ್ನೆ "ನೆಂದು ಬಂದ ಇವರ ತಲೆ ಒರೆಸಲು ಸಿಕ್ಕಿತು, ಸ್ತೋತ್ರ" ಎಂದೆ. ಇವರು ಆಮೆನ್ ಅನ್ನಲಾಗದೆ ಕೆಮ್ಮಿದರು. ಜಗಲಿಯಿಂದ ಕಿಸಕ್ಕೆಂದು ಸದ್ದು ಬಂತು. ಕವಳ ಹಾಕುವಾಗ ಗಂಗಿ ಅತ್ತೆಗೆ, "ಅಮ್ಮ, ನಿಮ್ಮ ದೇವ್ರಿಗೆ ಇಷ್ಟು ವರ್ಷ ಬರೀ ಬಾವಿಹಗ್ಗ ಕೇಳಿ ಕೇಳಿ ಸಾಕಾಗಿರ್ಬೇಕು. ಈಗ ಮಜಾ" ಅನ್ನುತ್ತಿದ್ದಳು.

ಜೂನ್ 29

ಇಂಥ ಸುಖದ ದಿನ ಇನ್ನೊಂದಿಲ್ಲ!

ಹೊಳೆ ಕೆಂಪಾಗಿ ಉಕ್ಕಿ ಬಂದು ಲಾಂಚು ನಿಂತಿತು. ಇವರು ಬೆಳಿಗ್ಗೆಯೇ ಮನೆಗೆ ಬಂದರು! ದಿನವಿಡೀ ನನ್ನವರು! ಹಲಸಿನ ಬೀಜ ಸುಟ್ಟು ತಿಂದೆವು. ನನಗೆ ಚದುರಂಗ ಕಲಿಸಲು ಹೋಗಿ ತಾವೇ ಸೋತರು. (ಬೇಕೆಂದೇ ಸೋತರೋ ಏನೋ.) ಮಧ್ಯಾಹ್ನದ ಮೇಲೆ ಗಂಗಿ ಬಂದಳು. ಬುಟ್ಟಿ ತುಂಬ ನೊಗ್ಲಿ ಮೀನು, ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ನಾನು ಸುಮ್ಮನೆ, ತಮಾಷೆಗೆ, ಬಾಯಿಗೆ ಬಂದ ಬೆಲೆ ಕೇಳಿದೆ. ಅವಳು ಆತು ಎಂದುಬಿಟ್ಟಳು! ಇಡೀ ಬುಟ್ಟಿ! ನಾನು ಗೆದ್ದೆ! ಅತ್ತೆ ಹಿತ್ತಲಲ್ಲಿದ್ದರು, ಬಂದು ನೋಡಿ ಏನೂ ಅನ್ನಲಿಲ್ಲ. ಅರ್ಧ ಹುರಿದು ಅರ್ಧ ಸಾರು ಮಾಡಿದೆವು.

ಸಂಜೆ ಒಂದರಲ್ಲಿ ಹೇಗೆ ಮುಗಿಸಲಿ? ನಿಯಮ ಮುರಿದೆ. "ಲಾಂಚು ನಿಂತಿತು, ಸ್ತೋತ್ರ. ಇವರು ಮನೆಯಲ್ಲಿದ್ದರು, ಸ್ತೋತ್ರ. ಬುಟ್ಟಿ ನೊಗ್ಲಿ ನೀರಿನ ಬೆಲೆಗೆ ಸಿಕ್ಕಿತು, ಸ್ತೋತ್ರ, ಸ್ತೋತ್ರ!" ಇವರು ಆಮೆನ್ ಎಂದರು. ಅತ್ತೆ ಹೇಳಿದರೋ ಇಲ್ಲವೋ ಗಮನಿಸಲಿಲ್ಲ.

ಹೊರಗೆ ಹೋದಾಗ ಗಂಗಿ ಹೊರಟುಹೋಗಿದ್ದಳು. ಮಳೆ ಜೋರಾಗಿತ್ತಲ್ಲ, ಬೇಗ ಮನೆ ಸೇರಿಕೊಂಡಿರಬೇಕು.

ಜೂನ್ 30

ಗಂಗಿ ಬರಲಿಲ್ಲ. ಜ್ವರವೋ ಏನೋ.

ಜುಲೈ 4

ಜ್ವರವಲ್ಲ. ಇಂದು ನಮ್ಮ ಗೇಟಿನ ಮುಂದೆಯೇ ಬುಟ್ಟಿ ಹೊತ್ತು ಹೋದಳು. "ಗಂಗೀ" ಎಂದು ಕೂಗಿದೆ. ತಿರುಗಲಿಲ್ಲ.

ಅತ್ತೆ ಪ್ರತಿ ಸಂಜೆ ತಟ್ಟೆ ಹಿಡಿದು ಜಗಲಿಗೆ ಹೋಗಿ ಕೂರುತ್ತಾರೆ. ಎರಡು ಕವಳ ಕಟ್ಟುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ ಎರಡನ್ನೂ ತಾವೇ ಹಾಕಿಕೊಳ್ಳುತ್ತಾರೆ.

ತಡೆಯಲಾಗದೆ ಕೇಳಿದೆ. ಅವರು ಅಕ್ಕಿ ಆರಿಸುತ್ತಿದ್ದರು, ತಲೆ ಎತ್ತಲಿಲ್ಲ.

"ಆ ದಿನ ಲಾಂಚು ನಿಂತ್ರೆ ಗಂಗಿ ಆಚೆ ದಡಕ್ಕೆ ಹೇಂಗೆ ಹೋಗೂದು ಮಗಾ?"

ನಾನು ಅವರ ಎದುರು ಕೂತೆ.

"ಹೋಗದಿದ್ರೆ ಮೀನು ಯಾರಿಗೆ ಮಾರೂದು? ಸಂಜೆಗೆ ಹಾಳಾತದೆ. ಅದಕ್ಕೇ ನೀ ಕೇಳಿದ ಬೆಲೆಗೆ ಕೊಟ್ಳು. ಆತು, ವ್ಯಾಪಾರ ಅಂದ್ರೆ ಹಾಂಗೇ. ಅದಕ್ಕೆ ಅವ್ಳಿಗೆ ಸಿಟ್ಟಿಲ್ಲ." ಮೊರವನ್ನು ಒಮ್ಮೆ ತಟ್ಟಿದರು. "ಕಂಬಕ್ಕೆ ಒರಗಿ ಕೂತಿದ್ಳು. ಅವ್ಳಿಗೆ ಏಟು ಬಿದ್ದದ್ದಕ್ಕೆ ನೀನು ದೇವ್ರಿಗೆ ಮೂರು ಸಲ ಸ್ತೋತ್ರ ಹೇಳಿದೆ."

ನಾನು ಅಂಥ ಅರ್ಥದಲ್ಲಿ ಹೇಳಲಿಲ್ಲ, ದೇವರಾಣೆ ಗೊತ್ತಿರಲಿಲ್ಲ ಎಂದು ಅಳುತ್ತ ಹೇಳಿದೆ. "ಗೊತ್ತಿರ್ಲಿಲ್ಲ ಅಂತ ಗೊತ್ತು" ಎಂದರು. ಸಮಾಧಾನ ಮಾಡಲಿಲ್ಲ. ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಜುಲೈ 7

ಎಲ್ಲ ಸರಿಮಾಡುತ್ತೇನೆಂದು ಕೊಡೆ ಹಿಡಿದು ಬಂದರಕ್ಕೆ ಹೋದೆ. ಗಂಗಿ ಗೋಣಿ ಹೊದ್ದು ಬಳಚು ಮಾರುತ್ತಿದ್ದಳು. ಬೆಲೆ ಹೇಳಿದಳು. ನಾನು ಚೌಕಾಸಿ ಮಾಡದೆ ಅದಕ್ಕಿಂತ ತುಂಬ ಹೆಚ್ಚು ಅವಳ ಮಡಿಲಿಗೆ ಹಾಕಿ, ಚಿಲ್ಲರೆ ಬೇಡ ಎಂದೆ. ಬಹಳ ಮೃದುವಾಗಿಯೇ ಹೇಳಿದೆ.

ಅವಳು ನೋಟನ್ನು ನೋಡಿದಳು. ನನ್ನನ್ನು ನೋಡಿದಳು.

"ನಾ ಎಂತ ಇಲ್ಲಿ ಭಿಕ್ಷೆಗೆ ಕೂತದ್ದಾ ಸಣ್ಣಮ್ಮ?"

ಪಕ್ಕದವರೆಲ್ಲ ತಿರುಗಿದರು. ಅವಳು ತನ್ನ ಬೆಲೆಯಷ್ಟೇ ಇಟ್ಟುಕೊಂಡು ಉಳಿದದ್ದನ್ನು ನನ್ನ ಚೀಲದಲ್ಲಿ ಬಳಚಿನ ಮೇಲೆ ಹಾಕಿದಳು. "ನಿಮ್ಮ ಅತ್ತೆ ನನ್ನ ಹತ್ರ ಒಂದೊಂದು ಮೀನಿಗೂ ಜಗಳ ಮಾಡ್ತಿದ್ರು. ನೀವು ದೊಡ್ಡ ಜನ."

ಮನೆಯವರೆಗೂ ಅಳುತ್ತಲೇ ಬಂದೆ. ಮಳೆಯಲ್ಲಿ ಅಳುವುದು ಸುಲಭ, ಯಾರಿಗೂ ಕಾಣುವುದಿಲ್ಲ.

ಇವರಿಗೆ ಹೇಳಿದೆ. "ಲಾಂಚು ನಿಂತ ದಿನ ನನಗೂ ಖುಷಿಯಾಗಿತ್ತು ಎಡಿತ್. ನಾನೂ ಆಮೆನ್ ಎಂದೆನಲ್ಲ" ಎಂದು ಬಹಳ ಹೊತ್ತು ನನ್ನ ಕೈ ಹಿಡಿದುಕೊಂಡು ಕೂತರು.

ಜುಲೈ 9

ನನ್ನ ಸರದಿ ಬಂದಾಗ ಏನೂ ಬರಲಿಲ್ಲ. ಏನು ನೆನೆದರೂ ಅದರ ಹಿಂದೆ ಯಾರು ನಿಂತಿದ್ದಾರೋ ಎಂದು ಭಯ.

"ಬಾರದಿದ್ರೆ ಬಾರದು. ಖಾಲಿ ಕೂತದ್ದೂ ಅವನಿಗೆ ಕಾಣ್ತದೆ" ಎಂದರು ಅತ್ತೆ.

ಜುಲೈ 12

ಇಂದೂ ಸ್ತೋತ್ರ ಬರಲಿಲ್ಲ.

ಜುಲೈ 17

ಬೆಳಿಗ್ಗೆ ಇವರ ಜೊತೆ ಕಡವಿಗೆ ಹೋಗಿದ್ದೆ, ಸುಮ್ಮನೆ. ಲಾಂಚಿಗೆ ಯಾರು ಯಾರು ಹತ್ತುತ್ತಾರೆಂದು ಹಿಂದೆಂದೂ ನೋಡಿರಲಿಲ್ಲ, ಇವರನ್ನೇ ನೋಡುತ್ತಿದ್ದೆ! ಮೊಸರಿನ ಗಡಿಗೆಯವರು, ಕೋಳಿ ಕಟ್ಟಿಕೊಂಡವರು, ಕೋರ್ಟಿಗೆ ಬರುವವರು, ಮಗುವನ್ನು ಆಸ್ಪತ್ರೆಗೆ ತರುವವರು. ಮೀನಿನ ಹೆಂಗಸರು ಎಲ್ಲರಿಗಿಂತ ಮೊದಲು ಬಂದು ಎಲ್ಲರ ನಂತರ ಹತ್ತುತ್ತಾರೆ, ಬುಟ್ಟಿಯ ನೀರು ಬೇರೆಯವರ ಬಟ್ಟೆಗೆ ತಾಗಬಾರದೆಂದು. ಗಂಗಿಯ ಬಲಗಾಲಿನ ಹಿಮ್ಮಡಿ ಒಡೆದಿದೆ. ತುದಿಗಾಲಲ್ಲಿ ನಡೆಯುತ್ತಾಳೆ. ದಿನವೂ ನಮ್ಮ ಜಗಲಿಗೆ ಬರುತ್ತಿದ್ದವಳು, ನಾನು ಒಮ್ಮೆಯೂ ಕಂಡಿರಲಿಲ್ಲ.

ಸಾರಿಗೆ ಉಪ್ಪು ಹೆಚ್ಚಾಯಿತು. ಯಾರೂ ಏನೂ ಅನ್ನದೆ ಉಂಡರು.

ಜುಲೈ 21

ಸಂಜೆ ಹಿತ್ತಲಿನಲ್ಲಿ ಜಾರಿಬಿದ್ದು ಕಾಲೆಲ್ಲ ಕೆಸರು. ತೊಳೆದುಕೊಂಡು ಜಗಲಿಗೆ ಬರುವಷ್ಟರಲ್ಲಿ ಒಳಗೆ ಪ್ರಾರ್ಥನೆ ಶುರುವಾಗಿತ್ತು. ನಡುವೆ ಹೋಗುವುದು ಬೇಡವೆಂದು ಕಂಬಕ್ಕೆ ಒರಗಿ ಕೂತೆ. ಗಂಗಿಯ ಜಾಗವೆಂದು ಕೂತ ಮೇಲೆ ಹೊಳೆಯಿತು. ಕಂಬ ಅಲ್ಲಿ ನುಣುಪಾಗಿದೆ.

ಕಿಟಕಿ ಸರಿಯಾಗಿ ಕಿವಿಯ ಮೇಲಿದೆ. ಒಳಗಿನ ಉಸಿರೂ ಕೇಳುತ್ತದೆ. ಆದರೆ ಯಾರ ಮುಖವೂ ಕಾಣುವುದಿಲ್ಲ, ದೀಪದ ಬೆಳಕು ಮಾತ್ರ. ಮಳೆಯ ಎರಚಲು ಬೆನ್ನಿಗೆ ಹೊಡೆಯುತ್ತಿತ್ತು. ಒಳಗಿನವರು ಎಷ್ಟು ಬೆಚ್ಚಗಿದ್ದಾರೆಂದು ಹೊರಗೆ ಕೂತರೆ ತಿಳಿಯುತ್ತದೆ.

ಇವರು ಏನೋ ಹೇಳಿದರು. ಆಮೇಲೆ ಅತ್ತೆಯ ದನಿ: "ಕರ್ತನೇ, ಗಂಗಿ ಇವತ್ತು ಅಂಗಡಿಯ ಹತ್ರ ನನ್ನ ಕಡೆ ತಿರುಗಿ ನೋಡಿದ್ಳು. ಮಾತಾಡ್ಲಿಲ್ಲ. ನೋಡಿದ್ಳು. ಸ್ತೋತ್ರ."

ನನಗೆ ಒಂದು ಮಾತೂ ಅನ್ನದೆ ಇಷ್ಟು ದಿನ ಇದನ್ನು ಒಬ್ಬರೇ ಹೊತ್ತಿದ್ದರು.

ಜುಲೈ 23

ಗಂಗಿಯ ಮನೆಗೆ ಹೋದೆ. ಕೈಯಲ್ಲಿ ಏನೂ ಒಯ್ಯಲಿಲ್ಲ. ದಾರಿಯಲ್ಲಿ ಎರಡು ಸಲ ಅಂಗಡಿಗೆ ಹೋಗೋಣ, ಬಿಸ್ಕೀಟನ್ನಾದರೂ ತಗೊಳ್ಳೋಣ ಅನ್ನಿಸಿತು, ಬಿಟ್ಟೆ.

ಜಟ್ಟಿ ಬಾಗಿಲಲ್ಲಿ ಬಲೆ ಹೊಲಿಯುತ್ತಿದ್ದ. ನನ್ನನ್ನು ಕಂಡು ಎದ್ದು ಒಳಗೆ ಹೋದ. ಗಂಗಿ ಹೊರಗೆ ಬಂದು ಸೆರಗಿಗೆ ಕೈ ಒರೆಸುತ್ತ ನಿಂತಳು. ಕೂರಿ ಅನ್ನಲಿಲ್ಲ. ನಾನು ನಿಂತೇ ಹೇಳಿದೆ.

"ಗಂಗಿ, ಆ ದಿನ ನಿನಗೆ ದಾಟಲಿಕ್ಕಾಗಲಿಲ್ಲವೆಂದು ನಾನು ಯೋಚಿಸಲಿಲ್ಲ. ನನ್ನ ಸುಖ ಮಾತ್ರ ಕಂಡಿತು. ತಪ್ಪಾಯಿತು. ನೀನು ನನ್ನ ಜೊತೆ ಮಾತಾಡದಿದ್ದರೂ ಸರಿ. ಅತ್ತೆಯ ಹತ್ತಿರ ಬಾ. ಅವರು ಎರಡು ಕವಳ ಕಟ್ಟಿ ಎರಡನ್ನೂ ಒಬ್ಬರೇ ಹಾಕುತ್ತಾರೆ."

ಅವಳು ಹೊಳೆಯ ಕಡೆ ನೋಡಿದಳು.

"ಎರಡೂ ಹಾಕ್ತಾರಾ? ಅವ್ರಿಗೆ ಇರೂದು ನಾಕು ಹಲ್ಲು."

"ಹೌದು."

"ಆತು. ಈಗ ಹೋಗಿ, ಮಳೆ ಬತ್ತದೆ."

ಅಷ್ಟೇ. ಆತು ಎಂದರೆ ಬರುತ್ತೇನೆಂದೋ, ಸಾಕು ಹೋಗು ಎಂದೋ? ಇಲ್ಲಿಯ ಜನ ಎಲ್ಲದಕ್ಕೂ ಆತು ಅನ್ನುತ್ತಾರೆ.

ಆಗಸ್ಟ್ 15

ಬೆಳಿಗ್ಗೆ ಧ್ವಜ ಹಾರಿಸಿ ಇವರು ಕಡವಿನಿಂದ ಮಿಠಾಯಿ ತಂದರು. ಇಂದು ನೂಲಹುಣ್ಣಿಮೆಯೂ ಹೌದು. ಮೀನುಗಾರರೆಲ್ಲ ಕಡಲಿಗೆ ತೆಂಗಿನಕಾಯಿ ಬಿಟ್ಟು ಪೂಜೆ ಮಾಡಿದರು, ಇನ್ನು ದೋಣಿಗಳು ಇಳಿಯುತ್ತವೆ. ನಾನೂ ಅತ್ತೆಯೂ ದೂರ ನಿಂತು ನೋಡಿದೆವು. ಜಟ್ಟಿ ಸೊಂಟದವರೆಗೆ ನೀರಿನಲ್ಲಿ ನಿಂತು ಕೈಮುಗಿದು ದೋಣಿ ಇಳಿಸಿದ. ಗಂಗಿ ದಡದಲ್ಲಿದ್ದಳು. ಹಸಿರು ಸೀರೆ, ತಲೆತುಂಬ ಹೂ. ನಮ್ಮ ಜಗಲಿಗೆ ಇಂದೂ ಬರಲಿಲ್ಲ.

ಸಂಜೆ ನನ್ನ ಸರದಿಯಲ್ಲಿ ಮಾತು ಬಂತು. ಬಹಳ ದಿನಗಳಾಗಿದ್ದವು. "ಜಟ್ಟಿಯ ದೋಣಿ ಮಗುಚದೆ ಅಲೆ ದಾಟಿತು. ಸ್ತೋತ್ರ." ನಮಗೇನೂ ಸಂಬಂಧವಿಲ್ಲದ ದೋಣಿ. ಅತ್ತೆ ಆಮೆನ್ ಎಂದರು, ಇವರಿಗಿಂತ ಮೊದಲು.

ಆಮೇಲೆ ಮಿಠಾಯಿ ತಿಂದೆವು. ಸ್ವಲ್ಪ ಗಟ್ಟಿಯಾಗಿತ್ತು.

ಸೆಪ್ಟೆಂಬರ್ 3

ಬರೆಯಲು ಕೂತರೆ ನಗುವೇ ನಗು! ಮೊದಲಿನಿಂದ ಬರೆಯುತ್ತೇನೆ.

ಬೆಳಿಗ್ಗೆ ಗೇಟಿನ ಹತ್ತಿರ ಬುಟ್ಟಿ ಇಳಿಸಿದ ಸದ್ದು. "ಬಂಗಡೇ..." ಎಂಬ ಕೂಗು. ಆ ಗಂಟಲು ಊರಿನಲ್ಲಿ ಒಬ್ಬಳಿಗೇ ಇರುವುದು. ಅತ್ತೆ ಒಲೆಯ ಮುಂದಿದ್ದರು. ಎದ್ದವರು ಮತ್ತೆ ಕೂತರು. "ನೀನು ಹೋಗು ಮಗಾ" ಎಂದರು.

ಗಂಗಿ ಮುಖ ಬಿಗಿದು ಬೆಲೆ ಹೇಳಿದಳು. ವಿಪರೀತ ಬೆಲೆ! ಕೊಟ್ಟುಬಿಡಲೇ? ಬಂದರದ ಆ ದಿನ ನೆನಪಾಯಿತು. ಸೆರಗು ಸಿಕ್ಕಿಸಿ ಎದುರು ಕುಕ್ಕರಗಾಲಲ್ಲಿ ಕೂತೆ.

"ಅರ್ಧ ಕೊಡುತ್ತೇನೆ."

ಗಂಗಿ ಕಣ್ಣು ಕಿರಿದು ಮಾಡಿದಳು. "ಅರ್ಧಕ್ಕೆ ತಲೆ ಬದಿ ಕೊಡ್ತೆ. ಬಾಲ ನಾ ಮನಿಗೆ ತಕಂಡು ಹೋತೆ."

"ಇದು ನಿನ್ನೆಯ ಮೀನು. ನೋಡು, ಕಣ್ಣೆಲ್ಲ ಕೆಂಪಾಗಿದೆ."

"ಕೆಂಪಾದದ್ದು ನೀವು ಕೇಳಿದ ಬೆಲೆಗೆ ಅತ್ತೂ ಅತ್ತು!"

"ಹಾಗಾದರೆ ಅಳುವ ಮೀನು ನಮಗೆ ಬೇಡ, ಸಾರು ಉಪ್ಪಾಗುತ್ತದೆ."

"ನಿಮ್ಮ ಸಾರು ಹಾಂಗೂ ಉಪ್ಪೇ ಅಂತೆ, ಕಡವಿನಲ್ಲಿ ನಿಮ್ಮ ಯಜಮಾನ್ರೇ ಹೇಳಿದ್ರು!"

ದ್ರೋಹಿ! ಒಳಗಿನಿಂದ ಅತ್ತೆ ಕೆಮ್ಮುವುದು ಕೇಳಿತು. ನಾನು ಎದ್ದು ಗೇಟು ಹಾಕಿದೆ. ಅವಳು ಬುಟ್ಟಿ ಎತ್ತಿ ಹೊರಟಳು. ನಾನು ಕರೆದೆ. ಅವಳು ಬಂದಳು. ಮತ್ತೆ ಹೊರಟಳು. ಮತ್ತೆ ಕರೆದೆ. ಕಡೆಗೆ ಒಂದು ಬೆಲೆಗೆ ಬಂತು. ಬೀಗುತ್ತ ಮೀನನ್ನು ಒಳಗೆ ತಂದೆ. ಅತ್ತೆ ಕೇಳಿದರು, ಬೆಲೆ ಹೇಳಿದೆ. ಅವರು ಹಣೆಗೆ ಕೈ ಹಚ್ಚಿಕೊಂಡರು. ಯಾಕೆಂದು ಹೇಳಲಿಲ್ಲ.

ಸಂಜೆ ದೀಪ ಹಚ್ಚುವಾಗ ಜಗಲಿಯ ಮೇಲೆ ಬುಟ್ಟಿ ಮಗುಚಿಟ್ಟ ಸದ್ದಾಯಿತು. ಅತ್ತೆಯ ಕೈಯ ಕಡ್ಡಿ ಆರಿಹೋಯಿತು, ಇನ್ನೊಂದು ಗೀರಿದರು. ಇವರು ಓದಿದರು, ಹಾಡಿದೆವು. ಇವರ ಸ್ತೋತ್ರ ಮತ್ತೆ ಇಂಜಿನ್ನಿನದೇ. ಅತ್ತೆಯ ದನಿ ಒಡೆದು, "ಇವತ್ತಿಂದು ನಿನಗೇ ಗೊತ್ತು" ಎಂದಷ್ಟೇ ಹೇಳಿದರು. ಅವರ ನಿಯಮವನ್ನು ಅವರೇ ಮುರಿದರು! ನಾನು "ಗಂಗಿಯ ಹಿಮ್ಮಡಿ ವಾಸಿಯಾಗಿದೆ, ನೆಲಕ್ಕೆ ಊರಿ ನಡೆಯುತ್ತಿದ್ದಾಳೆ. ಸ್ತೋತ್ರ" ಎಂದೆ.

ಮುಗಿಯಿತು ಅನ್ನುವಷ್ಟರಲ್ಲಿ ಕಿಟಕಿಯಿಂದ ದನಿ ಬಂತು.

"ಅಮ್ಮಾ, ನಂದೂ ಒಂದು ನಿಮ್ಮ ದೇವ್ರಿಗೆ ಹೇಳಿಬಿಡಿ. ನಮ್ಮ ಮಾಸ್ತಿ ದೇವ್ರಿಗೆ ಬರೂ ದಾರಿಲೇ ಹೇಳಿಯಾತು."

"ನೀನೇ ಹೇಳೇ. ಅವನಿಗೆ ಕಿವಿ ಇದೆ" ಎಂದರು ಅತ್ತೆ.

ಗಂಗಿ ಗಂಟಲು ಸರಿಮಾಡಿಕೊಂಡಳು. ಪೇಟೆಗೆಲ್ಲ ಕೇಳುವ ಗಂಟಲಿನಲ್ಲಿ ಹೇಳಿದಳು:

"ಇವತ್ತು ಬಂಗಡೆ ರಾಶಿ ಬಿದ್ದಿತ್ತು, ಬಂದರದಲ್ಲಿ ಕೇಳುವವ್ರಿಲ್ಲ. ಎಲ್ಲ ಮನೆಯವ್ರೂ ಬೇಡ ಅಂದ್ರು. ನಮ್ಮ ಸಣ್ಣಮ್ಮ ಒಬ್ರೇ, ಜಗಳ ಮಾಡಿ ಮಾಡಿ, ಎರಡು ಪಟ್ಟು ಬೆಲೆ ಕೊಟ್ಟು ತಕಂಡ್ರು. ಸ್ತೋತ್ರ!"

ಇವರು ಮುಖಕ್ಕೆ ಎರಡೂ ಕೈ ಮುಚ್ಚಿದ್ದರು, ಭುಜ ಕುಣಿಯುತ್ತಿತ್ತು. ನನ್ನ ಕಿವಿ ಕಾದು ಕೆಂಡ. ಎರಡು ಪಟ್ಟು! ನನ್ನ ಪೆದ್ದುತನಕ್ಕೆ, ನನ್ನ ಮನೆಯಲ್ಲೇ, ನನ್ನ ದೇವರಿಗೇ ಸ್ತೋತ್ರ! ಒಂದು ಕ್ಷಣ ಚುಚ್ಚಿತು ಕೂಡ, ಸುಳ್ಳು ಯಾಕೆ ಹೇಳಲಿ.

ಯಾರೂ ಆಮೆನ್ ಅನ್ನಲಿಲ್ಲ. ಅತ್ತೆ ಅನ್ನಲಿಲ್ಲ, ಇವರು ಅನ್ನಲಿಲ್ಲ. ಹೊರಗೆ ಗಂಗಿಯೂ ಉಸಿರು ಹಿಡಿದು ಕಾಯುತ್ತಿದ್ದಳು. ಅದನ್ನು ಹೇಳಬೇಕಾದವಳು ನಾನೇ ಎಂದು ಎಲ್ಲರಿಗೂ ಗೊತ್ತಿತ್ತು.

ಹೇಳಿದೆ, ಜಗಲಿಗೆ ಕೇಳುವ ಹಾಗೆ.